ಫಾರಿನ್ ಕಣ್ಣಿನ ಜಂಬ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕಲಕೋಟೆಯ ಶಿಬಿರದಲ್ಲಿ ನನ್ನ ಕಣ್ಣಿನ ಪೊರೆ ತೆಗೆದು, ದಪ್ಪ ಕನ್ನಡಕ ಕೊಟ್ಟು ಕಳಿಸಿದ್ದರು. ಅಂಥ ಕನ್ನಡಕವೆಂದರೆ ನಮ್ಮ ಯಜಮಾನರಿಗೆ ನಾಚಿಕೆ. ಸೊಲ್ಲಾಪುರದಲ್ಲಿ ಸೀರೆ ಅಂಗಡಿ ಇಟ್ಟ ಸಾಹುಕಾರರು ಬಾಟಲಿಯ ತಳದಂಥದ್ದನ್ನು ಮೂಗಿನ ಮೇಲೆ ಹೊತ್ತು ಗಿರಾಕಿಗೆ ಬಣ್ಣ ತೋರಿಸುವುದೇ? ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಂಬೈಗೆ ಹೋಗಿ ಒಂದನ್ನು ತೆಗೆಸಿ, ಆ ಜಾಗಕ್ಕೆ ಪರದೇಶದ ಪ್ಲಾಸ್ಟಿಕ್ ಲೆನ್ಸು ಕೂರಿಸಿಕೊಂಡರು.

ಅಲ್ಲಿನ ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಲೆನ್ಸನ್ನು ಸಣ್ಣ ಕೊಕ್ಕೆಯಿಂದ ಒಳಗೆ ಸಿಕ್ಕಿಸಿದೆ, ಕಣ್ಣಿಗೆ ಅದು ಹೊರಗಿನ ವಸ್ತು, ಒಗ್ಗುವವರೆಗೆ ಬಾವು ಬರುತ್ತದೆ, ಔಷಧದ ಹನಿ ತಪ್ಪಿಸಬೇಡಿ ಎಂದು.

ಇವರೋ, ಮಾತಾಡಿಸಲು ಬಂದವರಿಗೆಲ್ಲ ಪಟ್ಟಿ ಎತ್ತಿ ಕಣ್ಣು ತೋರಿಸುತ್ತ ಕೂತರು. ತಡವಳದಿಂದ ಬಂದ ಕುರಿ ಸಾಕುವ ನನ್ನ ತಮ್ಮ ಅವರ ಹಣೆಗೆ ಮೈಲಾರ ದೇವರ ಭಂಡಾರದ ಅರಿಸಿನಪುಡಿ ಹಚ್ಚಿ, ಇಣುಕಿ ನೋಡಿದ.

"ಹೊಳೀತೈತಿಲ್ಲ? ಫಾರಿನ್ ಮಾಲ್!"

"ನಮ್ಮ ಟಗರಿನ ಕಣ್ಣೂ ಹಿಂಗ ಹೊಳೀತೈತಿ ಮಾವಾ, ಪುಕ್ಕಟ."

ನಾನು ಹನಿಯ ಬಾಟಲಿ ಹಿಡಿದು ಬಂದರೆ, "ಏ, ಹೋಗ! ಶಿಬಿರದ ಕಣ್ಣಿಗೆ ಹಾಕ್ಕೊ. ಫಾರಿನ್ ಮಾಲಿಗೆ ಔಷಧ ಯಾಕ?" ಎಂದರು.

ಕಣ್ಣು ಕೆಂಪಾಯಿತು, ನೀರು ಸುರಿಯಿತು, ಬೆಳಕು ಕಂಡರೆ ಚೀರತೊಡಗಿದರು. ಭಂಡಾರ ಬಿದ್ದೇ ಹೀಗಾಯಿತೆಂದು ನನ್ನ ತಮ್ಮನನ್ನು ಬೈದರು. ಸೊಲ್ಲಾಪುರದ ಡಾಕ್ಟರಲ್ಲಿಗೆ ನಾನೇ ಎಳೆದುಕೊಂಡು ಹೋದೆ.

"ಭಂಡಾರ ಅಲ್ರಿ ಸಾಹುಕಾರ್ರ, ಕೊಕ್ಕಿ ತಿಕ್ಕಿ ಒಳಗ ಬಾವು ಬಂದೈತಿ. ಹನಿ ಹಾಕ್ಕೊಂಡ್ರೇನು?"

ಇವರು ಮೇಲೆ ಚಾವಣಿ ನೋಡಿದರು.

"ಒಂದಿನಾನೂ ಹಾಕ್ಕೊಂಡಿಲ್ರಿ," ಎಂದೆ.

"ಬಾವು ಇಳೀದಿದ್ರ ಲೆನ್ಸ್ ತೆಗೀಬೇಕಾಗ್ತೈತಿ. ಕಣ್ಣು ಉಳೀತೈತಂತ ಹೇಳಾಕಾಗೂದಿಲ್ಲ."

ಆಮೇಲೆ ಹಸುಗೂಸಿನಂತೆ ಮುಖ ಒಡ್ಡಿ ಹನಿ ಹಾಕಿಸಿಕೊಂಡರು. ಲೆನ್ಸೇನೋ ಉಳಿಯಿತು, ನೋಟ ಮಾತ್ರ ಮಂಜಾಗಿಯೇ ಉಳಿಯಿತು. ಹಸಿರು ಕೇಳಿದ ಹೆಂಗಸಿಗೆ ನೀಲಿ ಸೀರೆ ಕಟ್ಟಿಕೊಟ್ಟರು. ಅವಳು ಮರುದಿನ ತಂದು ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಹೋದಳು.

"ಈಗ ಸೀರಿಗೆ ಬಣ್ಣ ಹಾಕೋರ ಕೈ ಕೆಟ್ಟೈತಿ," ಎಂದರು ನಮ್ಮ ಸಾಹುಕಾರರು.