ಆ ಕೂಸಿಗೆ ಊಟ ಹಾಕಿದವರು

ಮೊನ್ನೆ ಕೊಪ್ಪಳದ ಸಂತೆಯಲ್ಲಿ ಹೂವಿನವಳು ಬುಟ್ಟಿಯ ಮೇಲಿನ ಹಸಿ ಬಟ್ಟೆ ಸರಿಸಿದಾಗ ದವನದ ವಾಸನೆ ಬಂತು. ಮಾನವಮಿ ಅಮಾವಾಸ್ಯೆಗೆ ಸೇವಂತಿಗೆ ಕೊಳ್ಳಲು ಹೋದವಳು ನಾನು. ದವನ ಬೇಕಿರಲಿಲ್ಲ. ಅದನ್ನು ನಾನು ಮನೆಗೆ ತರುವುದೇ ಇಲ್ಲ. ಅದು ನನಗೆ ಎದುರು ಮನೆ ಅಕ್ಕೋರ ವಾಸನೆ…

ಅಕ್ಕೋರು ಅಂದರೆ ಸಾಲಿ ಕಲಿಸುವವರು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಮ್ಮವರಿಗೆ ಗಂಗಾವತಿಯ ಕಾಲುವೆ ಆಫೀಸಿನಲ್ಲಿ ನೌಕರಿ. ಬಾಡಿಗೆ ಮನೆ, ಅದರ ಎದುರಿಗೇ ಅಕ್ಕೋರ ಮನೆ. ನನಗಿಂತ ಹಿರಿಯರು. ಮದುವೆಯಾಗಿರಲಿಲ್ಲ, ಯಾಕೆಂದು ನಾನು ಕೇಳಲಿಲ್ಲ. ಅವರ ಜಡೆಯಲ್ಲಿ ದಿನವೂ ಒಂದು ಕಡ್ಡಿ ದವನ. ಸಂಜೆಯಾದರೆ ನನ್ನ ಮಗಳ ಜಡೆಯಲ್ಲೂ ಅದೇ ದವನ. ಹೆತ್ತ ಮಗಳ ತಲೆ ಮೂಸಿದಾಗ ಬೇರೊಬ್ಬರ ಮನೆಯ ವಾಸನೆ ಬಂದರೆ ಹೇಗಿರುತ್ತದೆ ಎಂಬುದು ಹೆತ್ತವರಿಗೇ ಗೊತ್ತು.

ಎರಡನೆಯ ಬಾಣಂತನಕ್ಕೆ ನಾನು ತವರಿಗೆ, ಯಲಬುರ್ಗಾಕ್ಕೆ ಹೋಗಿದ್ದೆ. ಗಂಡು ಕೂಸು ಹುಟ್ಟಿತು, ಆದರೆ ನನಗೆ ಜ್ವರ ಹತ್ತಿ ಬಿಡಲೇ ಇಲ್ಲ. ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕಾಯಿತು. ಸಾಲಿ ತಪ್ಪಬಾರದೆಂದು ಮಗಳು ಅಪ್ಪನ ಜೊತೆ ಗಂಗಾವತಿಯಲ್ಲೇ ಇದ್ದಳು. ಎರಡು ಹೊತ್ತು ಊಟ ಹಾಕಿದವರು ಅಕ್ಕೋರು. ನಾನು ಬದುಕಿ ಬಂದೆ, ಕೂಸು ಉಳಿಯಿತು, ಹೇಮಗುಡ್ಡದ ದುರ್ಗವ್ವ ಕಣ್ಣು ಬಿಟ್ಟಳು. ಆದರೆ ಬಸ್ಸಿಳಿದು ಬಂದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದ ಹುಡುಗಿ ನಾನು ಬಿಟ್ಟುಹೋದವಳಾಗಿರಲಿಲ್ಲ. ಉದ್ದವಾಗಿದ್ದಳು. ಲಂಗ ಮೊಣಕಾಲಿನ ಹತ್ತಿರ ಬಂದಿತ್ತು. ಅವತ್ತು ಮಧ್ಯಾಹ್ನ ನಾನು ಆಸೆಪಟ್ಟು ಪುಂಡಿಪಲ್ಯ ಮಾಡಿದರೆ, ಎರಡು ತುತ್ತು ತಿಂದು ಅಂದಳು: “ಯವ್ವಾ, ಅಕ್ಕೋರ ಪುಂಡಿಪಲ್ಯ ಹಿಂಗ ಇರಂಗಿಲ್ಲ.”

ಅಂದು ಹತ್ತಿದ್ದು ಹೊಟ್ಟೆಕಿಚ್ಚು. ಅಕ್ಕೋರು ಎಷ್ಟು ಒಳ್ಳೆಯವರೋ ಅಷ್ಟೇ ಅದೂ ಬೆಳೆಯುತ್ತಿತ್ತು. ಕೆಟ್ಟವರಾಗಿದ್ದರೆ ಒಂದು ಜಗಳ ಆಡಿ ಮುಗಿಸುತ್ತಿದ್ದೆ.

ಆಗ ಊರಿನ ಟಾಕೀಸಿನಲ್ಲಿ ಭಾನುವಾರ ಮುಂಜಾನೆ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು. ಒಂದು ಭಾನುವಾರ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಹೋಗಿಬರುವ ಮನುಷ್ಯನ ಪಿಕ್ಚರ್ ಬಂದಿದೆಯೆಂದು ಅಕ್ಕೋರು ಮಗಳನ್ನು ಕರೆದುಕೊಂಡು ಹೊರಟರು. ಇಂಗ್ಲಿಷ್ ಪಿಕ್ಚರಿನಲ್ಲಿ ಏನೇನಿರುತ್ತದೋ ಅಂತ ನೆಪ ಮಾಡಿ ನಾನೂ ಕೂಸನ್ನು ಎತ್ತಿಕೊಂಡು ಹೊರಟೆ. ನಮ್ಮವರು ಮಗಳಿಗೆ ಅಂದರು: “ಹುಷಾರಾಗಿರವಾ. ನಿಮ್ಮವ್ವ ಬಂದ ಮ್ಯಾಲ ನನ್ನ ಕೂಡ ಇಂಗ್ಲಿಷ್‌ನ್ಯಾಗ ಜಗಳಾ ತಗೀತಾಳ.”

ಪಿಕ್ಚರಿನಲ್ಲಿ ಒಬ್ಬ ಎತ್ತರದ ಮನುಷ್ಯ. ಅವನಿಗೊಂದು ಕಬ್ಬಿಣದ ಕುರ್ಚಿ. ಅದರಲ್ಲಿ ಕುಳಿತು ಗಾಲಿ ತಿರುಗಿಸಿದರೆ ಹೊಗೆ ಎದ್ದು, ಆದದ್ದು ಇನ್ನೂ ಆಗದಿದ್ದ ದಿನಕ್ಕೆ ಹೋಗಿಬಿಡುತ್ತಿದ್ದ. ಒಂದು ಸೇತುವೆಯನ್ನು ವೈರಿಗಳು ಸಿಡಿಸದಂತೆ ತಡೆಯಬೇಕು, ಅದಕ್ಕಾಗಿ ಹೊಡೆದಾಟ, ಗುಂಡು, ಬೆಂಕಿ. ಒಂದು ಸಲವಂತೂ ಎದುರಿಗೆ ತಾನೇ ಬಂದು ನಿಂತು ತನ್ನನ್ನೇ ಹೊಡೆದ. ಗಂಡಸರ ಕಡೆಯಿಂದ ಒಂದೇ ಸಮನೆ ಸೀಟಿ. ನನ್ನ ಕಣ್ಣು ಮಾತ್ರ ಅವನ ಮಗಳ ಮೇಲೆ. ನಾಲ್ಕೈದು ವರ್ಷದ ಕೂಸು, ಕಿಟಕಿಯಲ್ಲಿ ನಿಂತು ನೋಡುತ್ತಿರುತ್ತದೆ. ತಾಯಿ ಎಲ್ಲೂ ಕಾಣಲಿಲ್ಲ. ಇವನು ಕುರ್ಚಿ ಹತ್ತಿದ ಅಂದರೆ ಹೋದ.

“ಅಕ್ಕೋರ, ಆ ಕೂಸಿಗೆ ಉಣ್ಣಾಕ ಯಾರು ಹಾಕ್ತಾರ್ರಿ?” ಅಂದೆ.

“ಪಿಕ್ಚರ್ ನೋಡ ತಂಗಿ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮಗಳು ನನ್ನ ಮೊಣಕೈ ಚಿವುಟಿದಳು. ಅಷ್ಟು ಗದ್ದಲದಲ್ಲೂ ತೊಡೆಯ ಮೇಲಿನ ಕೂಸು ಏಳಲಿಲ್ಲ. ನೋಡಬಾರದ್ದೂ ಏನೂ ಬರಲಿಲ್ಲ. ಅಷ್ಟರ ಮಟ್ಟಿಗೆ ದುರ್ಗವ್ವ ದೊಡ್ಡವಳು.

ಆಮೇಲೆ ಆ ಹುಡುಗಿ ದೊಡ್ಡವಳಾಗಿ ಸೇತುವೆಯ ಮೇಲೆ ಒಬ್ಬಳೇ ನಿಂತಿದ್ದಳು. ಬೆಳ್ಳಗೆ ದೊಡ್ಡ ಅಕ್ಷರ ಬಂದವು. “ಮುಗೀತಂತ ಬರದೈತಿ” ಎಂದಳು ಮಗಳು. ಎದ್ದು ಸೆರಗು ಝಾಡಿಸಿಕೊಂಡೆವು. ಅಷ್ಟರಲ್ಲಿ ಪಿಕ್ಚರ್ ಮತ್ತೆ ಶುರುವಾಯಿತು! ನೋಡಿದರೆ ಆ ಹುಡುಗಿ ಮತ್ತೆ ಸಣ್ಣ ಕೂಸು. ಮಂದಿಯೆಲ್ಲ ನಿಂತಲ್ಲೇ ನಿಂತರು.

“ಕುಂದರ್ರಿ, ಕುಂದರ್ರಿ” ಎಂದರು ಅಕ್ಕೋರು, ಸಾಲಿಯಲ್ಲಿ ಅಂದಂತೆಯೇ. ಸುತ್ತಲಿನ ಹೆಂಗಸರೆಲ್ಲ ಕುಳಿತರು. “ಅವನ ಕಾಲ ಅಲ್ಲಿಗೆ ಮುಗೀತು. ಈಗ ಕಾಲ ಹಿಂದಕ್ಕ ಹೊಂಟೈತಿ. ಮಗಳ ಸಲುವಾಗಿ ಸೇತುವೆ ಬಿಟ್ಟು ತಿರುಗಿ ಬಂದಾನ.”

ಹೌದಲ್ಲ ಅನ್ನಿಸಿತು. ಅವನು ಮನೆಗೆ ಬಂದ, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಸೇತುವೆಯ ಮೇಲೆ ನಡೆದ. ಪರದೆ ಬೆಳ್ಳಗಾಯಿತು, ದೀಪ ಹತ್ತಿದವು. ಮಗಳು ಕಣ್ಣು ಒರೆಸಿಕೊಂಡು ಅಕ್ಕೋರ ಕೈ ಹಿಡಿದಳು. ನನ್ನದೂ ಒಂದು ಕೈ ಖಾಲಿ ಇತ್ತು…

ಸಂಜೆ ನಳದ ಹತ್ತಿರ ಟಾಕೀಸಿನ ಗೇಟ್‌ಕೀಪರನ ಹೆಂಡತಿ ಸಿಕ್ಕಳು. ಕೊಡ ಇಟ್ಟು ನಗತೊಡಗಿದಳು.

“ಅಯ್ಯ ಯಕ್ಕಾ, ನೀವು ಮುಂಜೇಲೆ ಬಂದಿದ್ರೇನು? ಆ ಪಿಕ್ಚರ್ ನಮ್ಮೂರಿಗೂ ಬಾಜೂ ಊರಿಗೂ ಕೂಡಿ ಒಂದಾ ಐತ್ರಿ. ರೀಲಿನ ಡಬ್ಬಿ ಅಲ್ಲಿಂದ ಬಸ್ಸಿನ್ಯಾಗ ಬರತಾವು. ಇವತ್ತ ಬಸ್ ತಡಾ ಆತು, ನಡುವಿನ ಡಬ್ಬಿ ಬರಲಿಲ್ಲ. ಮಂದಿ ಒದರ್ತಾರಂತ ಕಡೀದನ್ನ ಮೊದಲ ಬಿಟ್ರು, ನಡುವಿಂದು ಬಂದ ಮ್ಯಾಲ ಅದನ್ನ ಹಚ್ಚಿದ್ರು. ಯಾರೂ ಕೇಳಲೇ ಇಲ್ಲಂತ್ರಿ!”

“ಹಂಗಾರ ಅಂವಾ ಮಗಳ ಕಡೆ ತಿರುಗಿ ಬರಲಿಲ್ಲೇನು?”

“ಎಲ್ಲಿಂದ ಬರ್ತಾನ್ರಿ? ಆ ಹುಡುಗಿ ದೊಡ್ಡಾಕಿ ಆಗಿ ಕಾಯ್ಕೋಂತ ನಿಂತ್ಲಲ್ಲ, ಅಲ್ಲಿಗೇ ಮುಗೀತು.”

ಕೊಡದಲ್ಲಿ ನೀರು ತುಂಬಿ ಚೆಲ್ಲುತ್ತಿದ್ದರೂ ನನಗೆ ಗೊತ್ತಾಗಲಿಲ್ಲ. ಸಂತೋಷವಾಯಿತು. ಎಲ್ಲ ತಿಳಿದ ಅಕ್ಕೋರಿಗೂ ತಿಳಿಯದ್ದು ಒಂದು ನನ್ನ ಕೈಗೆ ಸಿಕ್ಕಿತ್ತು.

ಅವರ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳೆಲ್ಲ ಕೂಡಿದ್ದರು. ಅಕ್ಕೋರು ನನ್ನ ಮಗಳಿಗೆ ಜಡೆ ಹಾಕುತ್ತ ಅದೇ ಪಿಕ್ಚರಿನ ಕಥೆ ಹೇಳುತ್ತಿದ್ದರು. ಅಪ್ಪ ತಿರುಗಿ ಬರುವಲ್ಲಿಗೆ ಬಂದಿದ್ದರು. ಕೊಡ ಇಳಿಸದೆಯೇ, ಎಲ್ಲರಿಗೂ ಕೇಳುವಂತೆ ಹೇಳಿದೆ. ಡಬ್ಬಿ ಅದಲುಬದಲಾದದ್ದು, ಅಪ್ಪ ಬಾರದೇ ಹೋದದ್ದು, ಎಲ್ಲವನ್ನೂ. ಹೇಳಿದ್ದಕ್ಕೆ ಈಗಲೂ ನನಗೆ ಬೇಸರವಿಲ್ಲ. ನಿಜವನ್ನೇ ಹೇಳಿದೆ.

ಅಕ್ಕೋರ ಕೈ ನಿಂತಿತು. ಮರುಕ್ಷಣ ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. “ಅಯ್ಯ ನನ್ನ ಶಾಣ್ಯಾತನಕ್ಕ ಬೆಂಕಿ ಹಚ್ಚಲಿ! ಹೆಣ್ಣಮಕ್ಕಳ ಕಡೆ ಇದ್ದ ಮಂದಿಗೆಲ್ಲ ತಿಳಿಸಿ ಹೇಳೀನಲ್ಲ ತಂಗಿ!”

ಅವರ ಮುಖ ಸಣ್ಣದಾಗಲಿ ಎಂದು ನಾನು ಬಂದಿದ್ದೆ. ಅವರು ನಕ್ಕು ಅದನ್ನೂ ನನ್ನಿಂದ ಕಸಿದುಕೊಂಡರು. ಸಣ್ಣದಾದದ್ದು ಮಗಳ ಮುಖ.

“ಹಂಗಾರ ಅವರಪ್ಪ ಬರಲೇ ಇಲ್ಲೇನು?”

ಅಕ್ಕೋರೇ ಅಂದರು: “ನಿಮ್ಮವ್ವ ಅಲ್ಲೇ ಒಂದು ಮಾತು ಕೇಳಿದ್ಲು. ಆ ಕೂಸಿಗೆ ಉಣ್ಣಾಕ ಯಾರು ಹಾಕ್ತಾರ ಅಂತ. ನಮಗ ಯಾರಿಗೂ ಹೊಳೀಲಿಲ್ಲ ನೋಡು ಅದು.”

ಮಗಳು ತಲೆ ಎತ್ತಲೂ ಇಲ್ಲ. ಲೆಕ್ಕಕ್ಕೆ ಉತ್ತರ ಹೇಳಿದಂತೆ ಹೇಳಿದಳು: “ಅವರ ಎದುರು ಮನ್ಯಾಗ ಒಬ್ರು ಅಕ್ಕೋರು ಇದ್ದಿರಬೇಕು.”

ಟೊಂಕದ ಮೇಲಿನ ಕೊಡ ಭಾರವಾಯಿತು. ಅಕ್ಕೋರು ನನ್ನ ಮುಖ ನೋಡಿದರು. ನೋಡಿ, ಜಡೆಯನ್ನು ಅರ್ಧಕ್ಕೇ ಬಿಟ್ಟು, ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟರು. “ಪಿಕ್ಚರ್‌ನ್ಯಾಗಿನ ಅಪ್ಪ ಬರಲಿಲ್ಲ. ನಿಮ್ಮವ್ವ ಬಂದಾಳಲ್ಲ. ಹೋಗವಾ, ಉಳಿದದ್ದು ಆಕಿ ಕಡೆ ಹಾಕಿಸ್ಕೋ.”

ನಮ್ಮ ಹೊಸ್ತಿಲಲ್ಲಿ ಕುಳಿತು ಉಳಿದ ಜಡೆ ಹಾಕಿದೆ. ಮೇಲಿನರ್ಧ ಅವರದು, ಬಿಗಿ, ಒಂದೇ ಸಮ. ಕೆಳಗಿನರ್ಧ ನನ್ನದು. ಬಿಚ್ಚಿ ಮೊದಲಿನಿಂದ ಹಾಕಲೇ ಅನ್ನಿಸಿತು. ಯಾಕೋ ಬಿಚ್ಚಲಿಲ್ಲ…

ಮುಂದಿನ ವರ್ಷ ಅಕ್ಕೋರಿಗೆ ಕುಷ್ಟಗಿ ಕಡೆ ವರ್ಗವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಮಗಳು ಅತ್ತದ್ದು ನೋಡಿ ಕಂಡಕ್ಟರನು “ನಿಮ್ಮವ್ವ ಬಿಟ್ಟು ಹೊಂಟಾಳೇನವಾ?” ಎಂದು ನನ್ನ ಎದುರಿಗೇ ಕೇಳಿದ. ಅಂದಿನಿಂದ ನಮ್ಮ ಮನೆಗೆ ದವನ ಬಂದಿರಲಿಲ್ಲ.

ಈಗ ಮಗಳೂ ಕುಷ್ಟಗಿಯಲ್ಲೇ ಸಾಲಿ ಕಲಿಸುತ್ತಾಳೆ. ಅವಳಿಗೂ ಮಂದಿ ಅಕ್ಕೋರ ಅನ್ನುತ್ತಾರೆ. ತನ್ನ ಮಕ್ಕಳಿಗೆ ಆ ಪಿಕ್ಚರಿನ ಕಥೆ ಹೇಳುವುದನ್ನು ಕೇಳಿದ್ದೇನೆ. ಅವಳ ಕಥೆಯಲ್ಲಿ ಅಪ್ಪ ತಿರುಗಿ ಬರುತ್ತಾನೆ. ನಾನು ತಿದ್ದುವುದಿಲ್ಲ.

ಹೋದ ಬೇಸಿಗೆಯಲ್ಲಿ ಫೋನ್ ಮಾಡಿದಳು. “ಅಕ್ಕೋರು ಹೋದ್ರು ಯವ್ವಾ” ಅಂದವಳೇ ಅಳತೊಡಗಿದಳು. ಆ ಅಳು ಕೇಳುತ್ತ ನನಗೆ ಮೊದಲು ಬಂದ ಯೋಚನೆ, ನನಗೂ ಇಷ್ಟು ಅತ್ತಾಳೇ ಎಂಬುದು. ದೇವರ ಮುಂದೆ ದಿನವೂ ದೀಪ ಹಚ್ಚುವವಳು ನಾನು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ದವನದ ಬುಟ್ಟಿಯ ಮುಂದೆ ನಿಂತಾಗ ನನ್ನದೇ ಹಳೆಯ ಮಾತು ನನಗೆ ತಿರುಗಿ ಬಂತು. ಅಮಾವಾಸ್ಯೆಗೆ ಹೋದ ಹಿರಿಯರಿಗೆಲ್ಲ ಮನೆಮನೆಯಲ್ಲಿ ಎಡೆ ಇಡುತ್ತಾರೆ. ಮಕ್ಕಳಿದ್ದವರಿಗೆ ಮಕ್ಕಳು ಇಡುತ್ತಾರೆ. ಅಕ್ಕೋರಿಗೆ ಉಣ್ಣಲು ಯಾರು ಹಾಕುತ್ತಾರೆ?

ಒಂದು ಕಂತೆ ದವನ ಕೊಂಡೆ. ಅತ್ತೆ ಮಾವಂದಿರ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ತುದಿಗೆ ದವನದ ಒಂದು ಕಡ್ಡಿ ಇಟ್ಟೆ. ಹೋಳಿಗೆ, ಅನ್ನ ಎಲ್ಲರಿಗೂ ಬಡಿಸಿದ್ದನ್ನೇ ಬಡಿಸಿದೆ. ಪುಂಡಿಪಲ್ಯ ಮಾತ್ರ ಅವರೊಬ್ಬರಿಗೇ ಬೇರೆ ಮಾಡಿದ್ದೆ, ಬೆಳ್ಳುಳ್ಳಿ ಒಗ್ಗರಣೆ ಜೋರಾಗಿ ಹಾಕಿ. ಅಕ್ಕೋರು ನನ್ನ ಕೈಯಡಿಗೆ ಒಮ್ಮೆಯೂ ಉಂಡಿರಲಿಲ್ಲ. ನಾನು ಕರೆದಿದ್ದರಲ್ಲವೇ…

ಉಂಡು ನೋಡಲಿ. ಯಾರದು ಚೆನ್ನಾಗಿತ್ತೆಂದು ಅವರೇ ಹೇಳಲಿ.