ಹೊಸ್ತಿಲ ಬೆಳಕಿಗೆ ಹಿಡಿದ ಸೀರೆ

ಹೊಳೆಯುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಪದಗಳಿರುವುದೇ ನನಗೀಗ ಹೇಸಿಗೆ ಹುಟ್ಟಿಸುತ್ತದೆ. ಚಳ್ಳಕೆರೆಯ ಟ್ಯುಟೋರಿಯಲ್‌ನಲ್ಲಿ ನಾನು ಹೇಳಿಕೊಡುವುದು ಅದನ್ನೇ. ಒದ್ದೆಯಾದದ್ದು ಹೊಳೆದರೆ ಗ್ಲಿಸನ್, ಚಮಕಿಯ ಹಾಗೆ ಕಣ್ಣಿಗೆ ಚುಚ್ಚಿದರೆ ಗ್ಲಿಟರ್, ಬೆಳಕು ಅಲುಗಿದರೆ ಶಿಮ್ಮರ್, ಒಳಗಿನಿಂದಲೇ ಮೆಲ್ಲಗೆ ಹೊಮ್ಮಿದರೆ ಗ್ಲೋ.

ಈ ವ್ಯತ್ಯಾಸವನ್ನು ನಾನು ಡಿಕ್ಷನರಿಯಿಂದ ಕಲಿತದ್ದಲ್ಲ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವ ಮಗ್ಗದಿಂದ ಇಳಿಸಿದ ಸೀರೆಯನ್ನು ಎಂದೂ ಬಲ್ಬಿನ ಕೆಳಗೆ ನೋಡಿದವಳಲ್ಲ. ಹೊಸ್ತಿಲಿಗೆ ತಂದು, ಬೆಳಗಿನ ಬೆಳಕಿಗೆ ಹಿಡಿದು, ಸೆರಗನ್ನು ಅತ್ತಿತ್ತ ಹೊರಳಿಸುತ್ತಿದ್ದಳು. ಹಾಸಿನ ಎಳೆ ಕೆಂಪು, ಹೊಕ್ಕಿನ ಎಳೆ ಹಸಿರು ಇದ್ದರೆ ಮಡಿಕೆ ಮಡಿಕೆಗೂ ಬಣ್ಣ ಬದಲಾಗುತ್ತಿತ್ತು. ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಹೋದ ವರ್ಷ ಚಳ್ಳಕೆರೆ ಪೇಟೆಯ ಸೀರೆ ಅಂಗಡಿಯವರೊಬ್ಬರು ಫೋನಿನಲ್ಲೇ ವ್ಯಾಪಾರ ಶುರು ಮಾಡಿದರು.

"ಮೇಷ್ಟ್ರೇ, ಫೋಟೋ ಕೆಳಗೆ ಎರಡು ಲೈನ್ ಇಂಗ್ಲಿಷ್ ಬರ್ಕೊಡ್ರಿ. ಓದಿದೋರು ತಗೊಳ್ದೆ ಬಿಡಬಾರ್ದು ನೋಡ್ರಿ."

ಅವರು ಮುಂದಿಟ್ಟ ಸೀರೆಯನ್ನು ಮುಟ್ಟಿದ ಕೂಡಲೇ ತಿಳಿಯಿತು, ಪಾಲಿಯೆಸ್ಟರ್. ಮೈತುಂಬ ಬರೀ ಗ್ಲಿಟರ್. ಆದರೂ ಬರೆದೆ: ಮೊಳಕಾಲ್ಮೂರು ರೇಷ್ಮೆ, ಮಡಿಕೆಯಲ್ಲಿ ಶಿಮ್ಮರ್, ಸೆರಗಿನಲ್ಲಿ ಗ್ಲೋ. ಅವರು ಹೊಗಳಿದರು, ನಾನು ಹಲ್ಲು ಕಿರಿದೆ. ನನ್ನ ಆ ಮುಖ ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ.

ಅವ್ವ ಸೊಂಟನೋವಿಗೆ ಮಗ್ಗ ಬಿಟ್ಟಾಗಿತ್ತು. ಹಾಗಾಗಿ ಬಿ.ಜಿ. ಕೆರೆಯ ಚಿಕ್ಕಮ್ಮ ಮಗಳ ಧಾರೆಗೆ ಫೋನಿನಲ್ಲಿ ನೋಡಿ ಅದೇ ಸೀರೆ ತರಿಸಿಕೊಂಡು, ಅಕ್ಕನಿಗೆ ತೋರಿಸಲು ಸಂಭ್ರಮದಿಂದ ಬಂದಳು. ನಾನೂ ಊರಿಗೆ ಹೋಗಿದ್ದೆ. ಬರೆದವನು ನಾನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅವ್ವ ಎಂದಿನಂತೆ ಹೊಸ್ತಿಲಿಗೆ ಹೋದಳು. ಹೊರಳಿಸಿದಳು. ಮತ್ತೆ ಹೊರಳಿಸಿದಳು.

"ಎತ್ಲಾಗೆ ತಿರುಗ್ಸಿದ್ರೂ ಒಂದೇ ಥರ ಐತಲ್ಲೇ. ಇದು ರೇಷ್ಮೆ ಅಲ್ಲ."

ಚಿಕ್ಕಮ್ಮನ ಮುಖ ಸಣ್ಣದಾಯಿತು. "ಇಲ್ಲಕ್ಕಾ, ರೇಷ್ಮೆ ಅಂತ ಬರ್ದಾರೆ" ಎಂದು ಫೋನನ್ನು ನನ್ನ ಕೈಗಿಟ್ಟಳು. "ಕನ್ನಡದಾಗೆ ಓದಪ್ಪ, ಅಕ್ಕನೂ ಕೇಳ್ಲಿ."

ಓದಿದೆ. ನನ್ನ ಸುಳ್ಳನ್ನು ನಾನೇ, ಅವ್ವ ನೇಯ್ದ ಮನೆಯಲ್ಲಿ ನಿಂತು, ಅವಳ ಭಾಷೆಯಲ್ಲಿ ಓದಿದೆ. ಆಗಲೂ ಬಾಯಿಬಿಡುವ ಧೈರ್ಯವಾಗಲಿಲ್ಲ.

"ಅಂಗಡಿಯೋರಿಗೆ ಏನ್ ಗೊತ್ತವ್ವ, ಸುಮ್ನೆ ಬರ್ದಿರ್ತಾರೆ" ಎಂದೆ.

ಅವ್ವ ಸೀರೆ ಮಡಚುತ್ತ ತಲೆ ಅಲ್ಲಾಡಿಸಿದಳು.

"ಇಲ್ಲ ಕಣಪ್ಪ. ಮಡಿಕೆ ಹೆಂಗೆ, ಸೆರಗು ಹೆಂಗೆ, ಎಲ್ಲಾ ಸರ್ಯಾಗಿ ಹೇಳ್ಯಾನೆ. ಇದನ್ನ ಬರ್ದೋನು ಮಗ್ಗದ ಮನೇಲೇ ಹುಟ್ಟಿರ್ಬೇಕು."