ಬೀಸುಕಲ್ಲಿನ ಪೈಲ್ವಾನ

ನಾನು ಈವರೆಗೆ ಗರಡಿಮನೆಯ ಹೊಸ್ತಿಲು ದಾಟಿದವಳಲ್ಲ. ನಮ್ಮ ಚಾಮರಾಜನಗರದಲ್ಲಿ ಹೆಂಗಸರು ದಾಟುವಂತೆಯೂ ಇಲ್ಲ. ಹಾಗಿದ್ದೂ ಕುಸ್ತಿಯ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಕೂತಿದ್ದೇನೆಂದರೆ, ಆ ಗರಡಿಯೇ ಒಂದು ಬೆಳಗ್ಗೆ ನನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದುಬಿಟ್ಟಿತು. ಅವತ್ತಿನ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ.

ಅವತ್ತು ಸೋಮವಾರ. ಮಿಂದು, ವಿಭೂತಿ ಇಟ್ಟು, ಮಾದಪ್ಪನಿಗೆ ದೀಪ ಹಚ್ಚಿ, ಮೊರದ ತುಂಬ ರಾಗಿ ಹಿಡಿದು ಬೀಸುಕಲ್ಲಿನ ಮುಂದೆ ಕೂತೆ. ಅಭ್ಯಾಸಬಲದಿಂದ ಕೈ ಚಾಚಿದರೆ ಗೂಟ ಸಿಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮೇಲಿನ ಕಲ್ಲೇ ಇಲ್ಲ! ಕೆಳಗಿನ ಕಲ್ಲೊಂದೇ ಆಗ ತಾನೇ ಕ್ಷೌರವಾದ ತಲೆಯಂತೆ ಕೂತಿದೆ. ಕಳ್ಳರೋ ಎಂದು ದೇವರ ಗೂಡಿಗೆ ಓಡಿದೆ. ಬೆಳ್ಳಿಯ ಗಿಂಡಿ ಇದ್ದಲ್ಲೇ ಇತ್ತು. ಬೆಳ್ಳಿ ಬಿಟ್ಟು ಅರ್ಧ ಬೀಸುಕಲ್ಲು ಹೊತ್ತೊಯ್ಯುವ ಕಳ್ಳ ಎಂಥವನಿರಬೇಕು ಎಂದು ಯೋಚಿಸುತ್ತಿರುವಾಗಲೇ ಪಕ್ಕದ ಮನೆಯ ಗೌರಮ್ಮ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನಮ್ಮನೆ ಮೇಲ್ಗಲ್ಲು ಕಾಣ್ದು ಕಣಕ್ಕಾ! ಯಾರೋ ಮಾಟ ಮಾಡ್ಬುಟ್ಟವ್ರೆ!"

ಒಂದು ಹೋದರೆ ಕಳವು, ಎರಡು ಹೋದರೆ ಮಾಟವೇ ಸರಿ ಎಂದು ನನಗೂ ಅನಿಸಿತು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಹಸು ಈಯುವಾಗ ನರಳುವಂಥ ಸದ್ದು ಕೇಳಿತು. ಇಬ್ಬರೂ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಹೋಗಿ ನೋಡಿದೆವು. ನನ್ನ ಮೈದುನ ಪುಟ್ಟಬಸಪ್ಪ ಲಂಗೋಟಿಯಲ್ಲಿ ನಿಂತಿದ್ದಾನೆ. ತಲೆಯ ಮೇಲೆ ಎರಡು ಕೈಯಲ್ಲಿ ನಮ್ಮ ತೋಟದ ಹಾರೆ. ಹಾರೆಯ ಈ ತುದಿಗೆ ನನ್ನ ಬೀಸುಕಲ್ಲು, ಆ ತುದಿಗೆ ಗೌರಮ್ಮನ ಬೀಸುಕಲ್ಲು! ಗೌರಮ್ಮ ಕಣ್ಣು ಮುಚ್ಚಿಕೊಂಡಳು. ಕಲ್ಲು ಬೀಳುತ್ತದೆಂದು ಮುಚ್ಚಿದಳೋ ಲಂಗೋಟಿಗೆ ಮುಚ್ಚಿದಳೋ ನಾನು ಕೇಳಲಿಲ್ಲ.

ಮೈಸೂರಿಗೆ ಹೋಗಿದ್ದಾಗ ಇವನು ಯಾವುದೋ ಜಟ್ಟಿಯ ಪಟ ನೋಡಿದ್ದನಂತೆ. ಸಲಾಕೆಯ ಎರಡು ತುದಿಗೂ ಕಬ್ಬಿಣದ ಚಕ್ರ ಹಾಕಿ ಎತ್ತಿದ್ದನಂತೆ ಆತ. ನಮ್ಮೂರಲ್ಲಿ ಅಂಥ ಚಕ್ರ ಎಲ್ಲಿ? ನಡುವೆ ತೂತಿರುವ ಭಾರದ ಚಕ್ರವೆಂದರೆ ಹೆಂಗಸರ ಬಳಿ ಇರುವುದೊಂದೇ. ಬೀಸುಕಲ್ಲನ್ನು ಲಕ್ಷ್ಮಿಯೆಂದು ಹಬ್ಬಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತೇವೆ, ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಇವನು ಎರಡು ಮನೆಯ ಲಕ್ಷ್ಮಿಯನ್ನು ಹಾರೆಗೆ ಪೋಣಿಸಿದ್ದ.

ಆಗಲೇ ಕಿತ್ತಿಟ್ಟುಕೊಳ್ಳಬೇಕಿತ್ತು. ಕಿತ್ತುಕೊಳ್ಳಲಿಲ್ಲ. ಎರಡೂ ಮನೆಯ ರಾಗಿ ಹಿಟ್ಟಿನ ಮಿಶನ್ನಿಗೆ ಹೋಗತೊಡಗಿತು. ನಿಜ ಹೇಳುತ್ತೇನೆ, ಹುಡುಗನ ತೋಳು ದಿಂಡುಗಟ್ಟುವುದನ್ನು ನೋಡಿ ನನಗೂ ಒಳಗೊಳಗೇ ಹೆಮ್ಮೆ. ಅತ್ತೆ ಕಣ್ಣು ಮುಚ್ಚಿದಾಗ ಒಂಬತ್ತು ವರ್ಷದ ಇವನನ್ನು ನನ್ನ ಕೈಗೆ ಕೊಟ್ಟು ಹೋಗಿದ್ದರು. ಆಗ ಇವನ ಪಕ್ಕೆಲುಬು ಎಣಿಸಬಹುದಿತ್ತು. ಈಗ ಬೀದಿಯ ಹೆಂಗಸರು "ಏನು ಹಾಕಿ ಸಾಕ್ದೆ ಕಣಮ್ಮಿ?" ಎಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಆ ಹಿಗ್ಗಿನಲ್ಲಿ ಅವನಿಗೆ ಸ್ವಂತ ಬೆನ್ನು ಕೆರೆದುಕೊಳ್ಳಲೂ ಆಗುತ್ತಿಲ್ಲವೆಂಬುದನ್ನು ನಾನು ಗಮನಿಸಲಿಲ್ಲ. ಕಂಬಕ್ಕೆ ಬೆನ್ನು ಉಜ್ಜುತ್ತಿದ್ದ, ಎಮ್ಮೆಯ ಹಾಗೆ. ನಾನು ನಕ್ಕಿದ್ದೆ.

ಒಂದು ದಿನ ಗರಡಿಯ ಉಸ್ತಾದ್ ಚಿಕ್ಕನಾಯಕರೇ ಬಂದು ಜಗಲಿಯ ಮೇಲೆ ಕೂತರು. ನಾನು ಬಾಗಿಲ ಮರೆಯಲ್ಲಿ ನಿಂತೆ.

"ತಾಯಿ, ನಿಮ್ ಮೈದ್ನ ಕಲ್ಲಾಗ್ಬುಟ್ಟವ್ನೆ" ಎಂದರು.

"ಗಟ್ಟಿ ಆದ್ರೆ ಒಳ್ಳೇದಲ್ವಾ ನಾಯಕ್ರೆ?"

"ಕಲ್ಲೂ ಬೇಕು, ಮಟ್ಟೀನೂ ಬೇಕು. ನಾನೂ ಕಲ್ಲೆತ್ತಿದವ್ನೇಯ. ಆದ್ರೆ ಇವ್ನು ಒತ್ತಾರೆನೇ ಕಲ್ಲೆತ್ತಿ, ಮೈಯೆಲ್ಲಾ ಬಿಗ್ಸ್ಕಂಡು ಮಟ್ಟಿಗೆ ಬತ್ತನೆ. ಪಟ್ಟು ಆಕುದ್ರೆ ಬಗ್ಗಾಕಿಲ್ಲ. ಬಗ್ದಿದ್ರೆ ಮುರೀತದೆ ತಾಯಿ. ಗುಂಡ್ಲುಪೇಟೆ ಪೈಲ್ವಾನ್ನ ಕುಟ್ಟೆ ಕುಸ್ತಿಗೆ ಜೋಡಿ ಕಟ್ಟಾಗದೆ, ಇನ್ನು ಅದ್ನೈದೇ ದಿನ. ಓದ್ ವರ್ಸ ಅವ್ನು ಒಬ್ಬುನ್ ರಟ್ಟೆ ಕಳಚ್ದ. ಆ ಅಯ್ದ ಈಗ್ಲೂ ಎಡಗೈಲಿ ಉಣ್ತಾವ್ನೆ."

ಮಟ್ಟಿ ಎಂದರೆ ಕುಸ್ತಿಯ ಕೆಮ್ಮಣ್ಣಿನ ಅಂಕಣ. ಅಷ್ಟು ನನಗೆ ಗೊತ್ತಿತ್ತು, ಅದಕ್ಕೆ ಬೆರೆಸುವ ಅರಿಶಿನ ನಮ್ಮ ಯಜಮಾನರ ಮಂಡಿಯಿಂದಲೇ ಹೋಗುವುದು. ಆದರೆ ಅಲ್ಲಿ ತೋಳು ಕಳಚುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಜೋಡಿ ಬಿಡಿಸಿ ಎಂದೆ. ಬಿಡಿಸಿದರೆ ಹುಡುಗ ಊರಲ್ಲಿ ತಲೆಯೆತ್ತಿ ತಿರುಗಲಾರ ಎಂದರು. ಯಜಮಾನರೂ ತಲೆಯಾಡಿಸಿದರು. ಗಂಡಸರ ತಲೆ ಆಡುವುದು ಇಂಥದಕ್ಕೇ.

ಮಾರನೆಯ ಬೆಳಗ್ಗೆ ನಾನು ಮತ್ತು ಗೌರಮ್ಮ ಹಾರೆಯಿಂದ ಕಲ್ಲು ಬಿಚ್ಚಿದೆವು. ಬಿಚ್ಚಿ, ಪುಟ್ಟಬಸಪ್ಪನನ್ನು ಕರೆದೆ.

"ಎಲ್ಡು ತಿಂಗಳಿಂದ ಎಲ್ಡು ಮನೆ ಬೀಸೋ ಕಲ್ಲು ನಿಲ್ಸಿದ್ದೀಯಲ್ಲಾ, ಇನ್ನು ಗುಂಡ್ಲುಪೇಟೆಗೆ ಓಗೋಗಂಟ ಎಲ್ಡು ಮನೆ ರಾಗಿನೂ ನೀನೇ ಬೀಸ್ಬೇಕು."

"ಅತ್ಗೆ! ಪೈಲ್ವಾನ ರಾಗಿ ಬೀಸಾದಾ? ಯಾರಾರ ಕಂಡ್ರೆ?"

"ಬಾಗ್ಲು ಹಾಕ್ತೀನಿ. ಕೂತ್ಕೊ."

ಶಿಕ್ಷೆ ಎಂದುಕೊಂಡೇ ಮಾಡಿದೆ, ಅದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಆದರೆ ಅಲ್ಲಿ ಕಂಡದ್ದು ನನ್ನನ್ನು ಇನ್ನೊಮ್ಮೆ ದಂಗುಬಡಿಸಿತು. ಅಂಥ ಎರಡು ಕಲ್ಲು ತಲೆಯ ಮೇಲೆತ್ತುವವನು ಒಂದು ಕಲ್ಲನ್ನು ಹತ್ತು ಸುತ್ತು ತಿರುಗಿಸುವಷ್ಟರಲ್ಲಿ ಬೆವತುಹೋದ. ಭುಜ ತಿರುಗದೆ ಸೊಂಟವನ್ನೆಲ್ಲ ತಿರುಗಿಸುತ್ತಿದ್ದ. ಎದುರಿಗೆ ನಾನೂ ಕೂತು ಗೂಟ ಹಿಡಿದೆ. ಇಬ್ಬರು ಬೀಸುವಾಗ ಅದಕ್ಕೊಂದು ಕ್ರಮ ಉಂಟು. ಆಚೆಯವಳು ಎಳೆದಾಗ ಈಚೆಯವಳ ಕೈ ಹಗುರಾಗಬೇಕು. ಇವನೋ, ನಾನು ಎಳೆದಾಗಲೂ ಎಳೆಯುತ್ತಿದ್ದ. ಕಲ್ಲು ಗಕ್ಕನೆ ನಿಂತು, ರಾಗಿ ಚೆಲ್ಲಿ, ನನ್ನ ಬಳೆ ಒಡೆಯಿತು.

"ನಾನ್ ಎಳ್ದಾಗ ಬುಡ್ಲಾ!" ಎಂದು ರೇಗಿದೆ. "ಯಾವಾಗ್ಲೂ ನೀನೇ ಎಳೀಬೇಕಾ?"

"ಬುಟ್ರೆ ಸೋತಂಗಲ್ವಾ ಅತ್ಗೆ?"

"ಬುಡ್ದಿದ್ರೆ ರಾಗಿ ಇಟ್ಟು ಆಗಾಕಿಲ್ಲ, ಮುಚ್ಕೊಂಡ್ ಬೀಸು."

ನಾಲ್ಕನೆಯ ದಿನಕ್ಕೆ ಕಲ್ಲು ನಿಲ್ಲದೆ ತಿರುಗಿತು. ಎಂಟನೆಯ ದಿನ ಅವನು ಕಂಬದ ಹತ್ತಿರ ಹೋಗದೆ ತಾನೇ ಬೆನ್ನು ಕೆರೆದುಕೊಂಡ. ನಾನು ಮಾದಪ್ಪನಿಗೆ ಕೈಮುಗಿದೆ. ಇಷ್ಟು ಸಣ್ಣದಕ್ಕೆಲ್ಲ ಸ್ವಾಮಿಗೆ ಕೈಮುಗಿಯುತ್ತಾರೆಯೇ ಎಂದು ಯಜಮಾನರು ನಕ್ಕರು. ನನಗೆ ಸಿಗುವುದು ಸಣ್ಣವೇ, ನಾನು ಅವಕ್ಕೇ ಮುಗಿಯುವವಳು. ಚಿಕ್ಕನಾಯಕರು ಗರಡಿಯಲ್ಲಿ ಇವನ ಕುತ್ತಿಗೆ ಹಿಡಿದು ಬಗ್ಗಿಸಿ ನೋಡಿ, "ಯಾವ ಎಣ್ಣೆ ಉಜ್ತೀಯಲಾ?" ಎಂದು ಕೇಳಿದರಂತೆ. ಇವನು ರಾಗಿಯ ಮಾತೆತ್ತದೆ "ಅತ್ಗೆ ಕೊಡ್ತಾಳೆ" ಎಂದನಂತೆ.

ಗುಂಡ್ಲುಪೇಟೆಗೆ ಬಸ್ಸಿನಲ್ಲಿ ನಾನೂ ಹೊರಟೆ. ಕುಸ್ತಿ ನೋಡುವಂತಿಲ್ಲವಾದರೂ ಹತ್ತಿರವಾದರೂ ಇರೋಣವೆಂದು. ಯಜಮಾನರ ಸೋದರತ್ತೆಯ ಮನೆಯಲ್ಲಿ ಕೂತೆ. ಎರಡು ಬೀದಿ ಆಚೆ ಮೈದಾನ. ಜನ ಕೂಗಿದಾಗಲೆಲ್ಲ ನನ್ನ ಬಲರಟ್ಟೆ ತಾನಾಗಿ ಜುಂ ಎನ್ನುತ್ತಿತ್ತು. ಒಮ್ಮೆ ಊರಿಗೂರೇ ಬೊಬ್ಬೆ ಹೊಡೆಯಿತು. ಆಮೇಲೆ ಸದ್ದೇ ಇಲ್ಲ. ಆ ಮೌನದಲ್ಲಿ ಪಂಚಾಕ್ಷರಿಯೂ ನನ್ನ ಬಾಯಿಗೆ ಬರಲಿಲ್ಲ.

ಬಾಗಿಲಲ್ಲಿ ಮೊದಲು ಯಜಮಾನರು ಕಂಡರು. ಮುಖ ಇಳಿದಿತ್ತು. ಹಿಂದೆ ತಲೆಯಿಂದ ಕಾಲಿನವರೆಗೆ ಕೆಮ್ಮಣ್ಣಾಗಿ ಪುಟ್ಟಬಸಪ್ಪ.

"ಚಿತ್ ಆಗೋದೆ ಅತ್ಗೆ" ಎಂದು ಅವನು ಹಲ್ಲು ಕಿರಿದ. "ಅವ್ನು ರಟ್ಟೆ ಇಡ್ದು ತಿರುವ್ದ. ನೀನ್ ಏಳ್ದಂಗೇಯ ಬುಟ್ಟೆ. ಬುಟ್ಟದ್ದು ವಸಿ ಜಾಸ್ತಿ ಆಗೋಯ್ತು."

ನಾನು ಅವನ ಬಲಗೈ ಎತ್ತಿಸಿದೆ, ಹಿಂದಕ್ಕೆ ತಿರುಗಿಸಿದೆ, ಕುತ್ತಿಗೆ ಹೊರಳಿಸಿದೆ, ಬಾಯಿ ಬಿಡಿಸಿ ಹಲ್ಲನ್ನೂ ನೋಡಿದೆ. ಸಂತೆಯಲ್ಲಿ ಎತ್ತು ಕೊಳ್ಳುವವರು ಕೂಡ ಇಷ್ಟು ನೋಡುವುದಿಲ್ಲ. ಎಲ್ಲ ನೆಟ್ಟಗಿತ್ತು. ಒಳಗೆ ಹೋಗಿ ಸೋದರತ್ತೆಯ ದೇವರ ಗೂಡಿಗೆ ಇನ್ನೊಂದು ಬತ್ತಿ ಹಾಕಿ ದೀಪ ಹಚ್ಚಿದೆ.

ಮುದುಕಿ ಕಣ್ಣರಳಿಸಿ ನನ್ನನ್ನೇ ನೋಡಿದರು. "ಇದೇನಮ್ಮಿ, ಅಯ್ದ ಸೋತ್ ಬಂದವ್ನೆ, ದೀಪ ಅಚ್ತೀಯ?"

"ಬಂದವ್ನಲ್ಲಾ ಅತ್ತೆ," ಎಂದೆ, "ಇಟ್ಟು ಬಲಗೈಲೇ ಉಣ್ತನೆ. ಮುದ್ದೆಗೆ ನೀರಿಡಿ."